ನೆಲಗಪ್ಪೆ ತಾನೇ ಹತ್ತಬೇಕು

ಬಹಳ ಬಹಳ ಹಿಂದೆ, ಅಂದರೆ ಹೋದ ವರ್ಷ ಓಣಂ ಮುಗಿದ ಮಾರನೆಯ ವಾರ, ಉಳ್ಳೂರು ಎಂಬಲ್ಲಿ ಒಬ್ಬ ರಾಜನಿದ್ದ. ಅವನಿಗೆ ಒಬ್ಬಳು ರಾಣಿ, ಒಬ್ಬಳು ರಾಜಮಾತೆ, ಒಂದು ಹಳೆಯ ಸ್ಕೂಟರು. ವಾರವೆಲ್ಲ ರಾಕೆಟ್ಟಿನ ಯಾವುದೋ ಕವಾಟದ ಹಿಂದೆ ಬಿದ್ದು ಬೇಸತ್ತ ರಾಜ ಒಂದು ಭಾನುವಾರ ಪಂಚೆ ಎತ್ತಿ ಕಟ್ಟಿ, ಹಿತ್ತಲಲ್ಲಿ ಕೊಳ ತೋಡಲು ನಿಂತ.

ರಾಜನೆಂದರೆ ನನ್ನಪ್ಪ ಶ್ರೀಪತಿ. ರಾಣಿ ನನ್ನಮ್ಮ ರಾಜಲಕ್ಷ್ಮಿ. ರಾಜಮಾತೆ ಮಂದಾಕಿನಿ ಅಜ್ಜಿ. ಮೈಸೂರಿನಿಂದ ಅಪ್ಪನ ರಾಕೆಟ್ ಕೇಂದ್ರದ ಕೆಲಸದ ಬೆನ್ನಿಗೆ ತಿರುವನಂತಪುರದ ಈ ಉಳ್ಳೂರಿಗೆ ಬಂದ ಸಂಸಾರ ನಮ್ಮದು. ನಾನು ನಿಹಾರಿಕಾ, ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ. ಶುಕ್ರವಾರ ಬಂತೆಂದರೆ ರೈಲು ಹಿಡಿದು ಮನೆಗೆ ಓಡುವವಳು.

ಕೊಳ ಚೆನ್ನಾಗಿಯೇ ಆಯಿತು. ತುಂಬಾ ಚೆನ್ನಾಗಿ ಆದದ್ದೇ ತೊಂದರೆ. ನಾಲ್ಕೂ ಗೋಡೆ ನೆಟ್ಟಗೆ, ಒಳಗೆಲ್ಲ ನೀಲಿ ಟೈಲ್ಸು, ಅಂಚಿಗೆ ಕನ್ನಡಿಯಂತೆ ಹೊಳೆಯುವ ಗ್ರಾನೈಟು. "ಒಂದು ಮಿಲಿಮೀಟರ್ ಆಚೀಚೆ ಇಲ್ಲ ನೋಡು" ಎಂದು ಅಪ್ಪ ಬಂದವರಿಗೆಲ್ಲ ತೋರಿಸಿದರು. ಅಜ್ಜಿಯ ಕಥೆಗಳಲ್ಲಿ ಕೊಳಕ್ಕೆ ಆಮೆ, ಮೊಲ, ಮಾತಾಡುವ ಕಪ್ಪೆ ಎಲ್ಲ ಬರುತ್ತವೆ. ಬಂದವು ವಾಪಸು ಹೇಗೆ ಹೋಗುತ್ತವೆ ಎಂದು ನಾವು ಯಾರೂ ಯೋಚಿಸಿರಲಿಲ್ಲ.

ನಮ್ಮ ಕೊಳಕ್ಕೆ ಬಂದವು ವಾಪಸು ಹೋಗುತ್ತಿರಲಿಲ್ಲ. ಸಂಜೆಯಾದರೆ ನೆಲಗಪ್ಪೆಗಳು ತೊಪ್ಪೆಂದು ಒಳಗೆ ಬೀಳುತ್ತಿದ್ದವು, ಗೋಡೆ ಗೀರುತ್ತ ಸುತ್ತುತ್ತಿದ್ದವು. ಅಜ್ಜಿ ಬೂಂದಿ ಕರಿಯುವ ಜಾಲರಿ ಸೌಟನ್ನು ಕೋಲಿಗೆ ಕಟ್ಟಿಕೊಂಡು ಒಂದೊಂದನ್ನೇ ಎತ್ತಿ ಹೊರಗೆ ಬಿಡುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಅಳಿಲಮರಿಯೊಂದು ನೀರಲ್ಲಿ ಸತ್ತು ತೇಲುತ್ತಿತ್ತು. ನೀರು ಕುಡಿಯಲು ಬಂದದ್ದಿರಬೇಕು.

ಅಲ್ಲಿಗೆ ಅಜ್ಜಿಯ ಕಥೆ ನಿಂತಿತು. ದಿನಾ ಸಂಜೆ ಏಳೂವರೆಗೆ, ನಾನು ಆಫೀಸಿನಿಂದ ಹಾಸ್ಟೆಲ್ಲಿಗೆ ನಡೆಯುವಾಗ, ಅಜ್ಜಿ ಫೋನಿನಲ್ಲಿ ಕಥೆ ಹೇಳುವುದು ರೂಢಿ. ಅವತ್ತು "ಊಟ ಆಯ್ತಾ? ಸರಿ, ಇಡ್ಲಾ?" ಅಷ್ಟೇ. ಮಾರನೆಯ ದಿನವೂ ಅಷ್ಟೇ.

"ಅಜ್ಜಿ, ಕಥೆ?"

"ಯಾವ ಬಾಯಲ್ಲಿ ಹೇಳ್ಲೇ? ನಮ್ಮನೆ ಕೊಳದಲ್ಲೇ ಜೀವ ಹೋಗ್ತಿದೆ, ಕಥೇಲಿ ಆಮೆ ಈಜಿಸ್ತಾ ಕೂರ್ಲಾ?"

"ಬಿದ್ದಿದ್ದು ತಾನೇ ಹತ್ತಿ ಬರೋ ಹಾಗೆ ಮಾಡ್ಕೊಡ್ತೀನಿ. ಮಾತು ಕೊಡ್ತೀನಿ ಅಜ್ಜಿ."

"ನಾನು ಮುಟ್ಟದೆ ಒಂದು ಕಪ್ಪೆ ಹತ್ತಲಿ. ಅವತ್ತು ಹೇಳ್ತೀನಿ."

ಅಜ್ಜಿಯ ಕಥೆಯಿಲ್ಲದೆ ಆ ಹಾಸ್ಟೆಲ್ ರಸ್ತೆ ಎಷ್ಟು ಉದ್ದ ಎಂದು ನನಗೆ ಆಗಲೇ ತಿಳಿದದ್ದು.

ಮೊದಲ ಪ್ರಯತ್ನ ಅಪ್ಪನದು. ಎರಡು ದಿನ ನಕ್ಷೆ ಬರೆದು, ಮಿಕ್ಕಿದ್ದ ಗ್ರಾನೈಟನ್ನು ಇಪ್ಪತ್ತೆಂಟು ಡಿಗ್ರಿ ಓರೆಯಾಗಿ ನೀರಿಗಿಳಿಸಿದರು. ಒಂದು ಕಪ್ಪೆ ಬಂತು, ಎರಡು ಹೆಜ್ಜೆ ಹತ್ತಿತು, ಸರ್ರನೆ ಜಾರಿತು. ಮತ್ತೆ ಹತ್ತಿತು, ಮತ್ತೆ ಜಾರಿತು. ಅಪ್ಪ ಗಡಿಯಾರ ಹಿಡಿದು ಸಮಯ ನೋಡಿದರು.

"ರಾಕೆಟ್ ಆಕಾಶಕ್ಕೆ ಹೋಗತ್ತಂತೆ, ಒಂದು ಕಪ್ಪೆ ಎರಡಡಿ ಹೋಗಲ್ವಾ?" ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳಿದರು.

"ಕೋನ ಸರಿ ಇದೆ ಕಣೇ" ಎಂದರು ಅಪ್ಪ. ಕಪ್ಪೆಯದೇ ತಪ್ಪು ಎನ್ನುವ ಹಾಗಿತ್ತು ಧಾಟಿ.

ಮುಂದಿನ ವಾರ ಆಫೀಸಿನ ಗೆಳೆಯ ಅಶ್ರಫ್ ಜೊತೆ ಫೋರ್ಟ್ ಕೊಚ್ಚಿಗೆ ಹೋಗಿದ್ದೆ. ಅವನು ಕಾಸರಗೋಡಿನ ಕುಂಬಳೆ ಕಡೆಯವನು, ಆಫೀಸಿನಲ್ಲಿ ನನ್ನ ಕೂಡ ಕನ್ನಡ ಮಾತಾಡುವ ಒಬ್ಬನೇ ಒಬ್ಬ. ಕಡಲಂಚಿನ ಪಾಚಿ ಹಿಡಿದ ಒರಟು ಕಲ್ಲುಗಳ ಮೇಲೆ ಏಡಿಗಳು ಸರಸರ ಹತ್ತುತ್ತಿದ್ದವು. ನಾನು ಕೊಳದ ಗೋಳು ಹೇಳಿಕೊಂಡೆ.

"ನಿನ್ನಪ್ಪ ಕಪ್ಪೆಗೆ ವಿಮಾನ ನಿಲ್ದಾಣ ಕಟ್ಟಿದ್ದಾರೆ ಮಾರಾಯ್ತಿ" ಎಂದ ಅಶ್ರಫ್. "ಅದಕ್ಕೆ ಅಷ್ಟು ಚಂದ ಎಂತಕ್ಕೆ? ಕಾಲಿಗೆ ಕಚ್ಚಿಕೊಳ್ಳಲಿಕ್ಕೆ ಎಂತಾದ್ರೂ ಒರಟು ಉಂಟಾ ಅಲ್ಲಿ? ಕೆಂಪುಕಲ್ಲು ಹಾಕು. ನಾರು ಹಾಸು. ಸುತ್ತ ಹುಲ್ಲು ಬಿಡು, ಕತ್ತರಿಸಬೇಡ."

ಆ ಶನಿವಾರ ಅಪ್ಪ ಗೊಣಗುತ್ತಲೇ ಒಂದು ಬದಿಯ ಅಂಚಿನ ಗ್ರಾನೈಟು ಕಿತ್ತರು. ಅಲ್ಲಿ ಒಡೆದ ಕೆಂಪುಕಲ್ಲು ಪೇರಿಸಿ, ಕೊಳದ ನೀರಿಗಿಂತ ಮೇಲೆ, ಗುಬ್ಬಿ ನಿಂತರೆ ಕಾಲಷ್ಟೇ ನೆನೆಯುವಂತೆ ತೆಳು ನೀರಿನ ಜಾಗ ಮಾಡಿದೆವು. ಅಂಚಿನಲ್ಲಿ ಹುಲ್ಲು, ಕೆಸುವು. ಒಳಗೆ ಬಿದ್ದವು ಹತ್ತಬೇಕಾದ ಓರೆಯ ಗ್ರಾನೈಟಿಗೆ ಹಾಸಲು ನಾರು ಬೇಕೆಂದು ನಾನೂ ಅಮ್ಮನೂ ಚಾಲೈ ಪೇಟೆಗೆ ಹೋದೆವು. ಬರಿ ನಾರಿನ ಚಾಪೆ ಸಿಗಲಿಲ್ಲ; ಬಾಗಿಲಿಗೆ ಹಾಕುವ ಉದ್ದನೆಯ ನಾರಿನ ಕಾಲೊರಸು ಸಿಕ್ಕಿತು. ಯಾರಿಗೆ ಎಂದು ಅಂಗಡಿಯವರು ಕೇಳಿದರು. ಅಮ್ಮ ತಮ್ಮ ಮಲಯಾಳದಲ್ಲಿ "ತವಳಯ್ಕು ಚೇಟ್ಟಾ" ಎಂದು, ಅಂದರೆ ಕಪ್ಪೆಗೆ ಅಣ್ಣಾ ಎಂದು, ಹೇಳಿಯೇಬಿಟ್ಟರು. ಅವರು ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು, ಕಾಲೊರಸು ಸುತ್ತಿ ಕಟ್ಟಿಕೊಟ್ಟರು.

ಮರುದಿನ ಬೆಳಿಗ್ಗೆಯೇ ಎರಡು ಪಿಕಳಾರ ಹಕ್ಕಿ ಬಂದು ತೆಳು ನೀರಲ್ಲಿ ರೆಕ್ಕೆ ಬಡಿದು ಸ್ನಾನ ಮಾಡಿದವು. ನಾನು ಗೆದ್ದೆನೆಂದುಕೊಂಡು ಕೊಚ್ಚಿಗೆ ಹೋದೆ.

ಸೋಮವಾರ: "ಊಟ ಆಯ್ತಾ? ಇಡ್ಲಾ?" ಮಂಗಳವಾರ: "ಇವತ್ತೂ ಮೂರು ಎತ್ತಿ ಹಾಕ್ದೆ ಕಣೇ." ಬುಧವಾರ ಅಜ್ಜಿಯ ದನಿಯೇ ಸಣ್ಣಗಿತ್ತು. "ಬಿಡು ಪುಟ್ಟಿ. ನಿಮ್ಮಪ್ಪಂಗೆ ಹೇಳಿದೀನಿ, ಭಾನುವಾರ ಮಣ್ಣು ತರಿಸಿ ಮುಚ್ಚಿಬಿಡ್ಲಿ. ಇನ್ನೊಂದು ಅಳಿಲು ನಂಗೆ ನೋಡಕ್ಕಾಗಲ್ಲ."

ಶುಕ್ರವಾರ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನದ ರೈಲು ಹತ್ತಿದೆ. ಗೇಟು ತೆರೆದಾಗ ಹೊತ್ತು ಮುಳುಗುತ್ತಿತ್ತು. ಹಿತ್ತಲಿಗೆ ಹೋದವಳು ನಿಂತುಬಿಟ್ಟೆ. ಬಟ್ಟೆ ಒಣಗಿಸುವ ತಂತಿಯ ಮೇಲೆ, ಅಪ್ಪನ ಎರಡು ಬನಿಯನ್ನುಗಳ ನಡುವೆ, ಕಪ್ಪೆಯ ಕಾಲೊರಸು ನೀರು ತೊಟ್ಟಿಕ್ಕುತ್ತ ನೇತಾಡುತ್ತಿತ್ತು. ಕೊಳದ ಹತ್ತಿರ ಅಜ್ಜಿ ಸೌಟು ಹಿಡಿದು ಕೂತಿದ್ದರು.

"ಅಜ್ಜಿ, ಇದನ್ನ ಯಾರು ತೆಗೆದಿದ್ದು?"

"ನಾನೇ. ದಿನಾ ಸಂಜೆ ದೀಪ ಹಚ್ಚೋಕೆ ಮುಂಚೆ ತೆಗೆದು ಹಿಂಡಿ ಒಣಗ್ಹಾಕ್ತೀನಿ, ಬೆಳಿಗ್ಗೆ ಹಾಸ್ತೀನಿ. ಒದ್ದೆ ಕಾಲೊರಸನ್ನ ಯಾರಾದ್ರೂ ಹಾಗೇ ಬಿಡ್ತಾರೇನೇ? ನಿಮ್ಮ ಹಾಸ್ಟೆಲ್ಲಲ್ಲಿ ಬಿಡ್ತೀರೇನೋ!"

"ಅಜ್ಜಿ... ಕಪ್ಪೆ ಬರೋದೇ ಸಂಜೆ."

ಅಜ್ಜಿ ತಂತಿ ನೋಡಿದರು. ಕೊಳ ನೋಡಿದರು. "ಅಯ್ಯೋ ಶಿವನೇ! ಐದು ದಿನದಿಂದ ನಾನೇ ಬಾಗಿಲು ಹಾಕಿ, ನಾನೇ ಅತ್ತೆನಾ?"

ಅಮ್ಮನ ನಗು ಅಡುಗೆಮನೆಯಿಂದ ಕೇಳಿಸಿತು. ಅಪ್ಪ ನಗಲಿಲ್ಲ. ಎಡವಿದ್ದು ತಾವೊಬ್ಬರೇ ಅಲ್ಲ ಎನ್ನಲು ಅವರಿಗೆ ಜೊತೆ ಸಿಕ್ಕಿತ್ತು. "ಕೋನ ಸರಿ ಇತ್ತಮ್ಮ" ಎಂದಷ್ಟೇ ಹೇಳಿ ಕಾಲೊರಸು ಇಳಿಸಿಕೊಟ್ಟರು. ಅಜ್ಜಿ ತಾವೇ ಅದನ್ನು ಹಾಸಿ, ಜಾರದಂತೆ ಎರಡು ಕಲ್ಲು ಹೇರಿದರು.

ನೀರಲ್ಲಿ ಒಂದು ಕಪ್ಪೆ ಆಗಲೇ ಬಿದ್ದು ಸುತ್ತುತ್ತಿತ್ತು. ಒಂದು ಸುತ್ತು. ಎರಡು. ಮೂರನೆಯದರಲ್ಲಿ ನಾರು ಮೂಗಿಗೆ ತಾಗಿ ನಿಂತಿತು. ಅಜ್ಜಿಯ ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಟಬೇಡಿ ಅಜ್ಜಿ."

"ಇಲ್ಲ, ಇಲ್ಲ. ಹತ್ತೋ ಮಗನೇ. ಹಾಂ, ಆ ಕಾಲು ಹಾಕು."

ಕಪ್ಪೆ ಒಂದು ಕಾಲು ಹಾಕಿತು. ನಾರು ಹಿಡಿಯಿತು. ಇನ್ನೊಂದು ಕಾಲು. ಹೊಟ್ಟೆ ಎಳೆದುಕೊಂಡು ಅರ್ಧಕ್ಕೆ ಬಂದು ಕೂತು, ಮನೆ ನೋಡಲು ಬಂದ ಬಾಡಿಗೆದಾರನಂತೆ ಅತ್ತಿತ್ತ ನೋಡಿತು. ಆಮೇಲೆ ಅದು ನಾಲ್ಕು ಹೆಜ್ಜೆ ಬೇಗ ಬೇಗ ಹತ್ತಿ, ಅಂಚು ದಾಟಿ, ಒಂದೇ ನೆಗೆತಕ್ಕೆ ಹುಲ್ಲಿನೊಳಗೆ ಹೋಯಿತು. ಅಜ್ಜಿ ಸೌಟು ಪಕ್ಕಕ್ಕಿಟ್ಟು, "ಮಣ್ಣು ತರಿಸ್ಬೇಡ ಕಣೋ" ಎಂದು ಅಪ್ಪನಿಗೆ ಹೇಳಿ, ನನ್ನ ಕಡೆ ತಿರುಗಿ "ಬಹಳ ಬಹಳ ಹಿಂದೆ, ಒಂದು ಕೊಳ ಇತ್ತಂತೆ" ಎಂದು ಕಥೆ ಶುರುಮಾಡಿದರು.