ಮಧುಶ್ರೀ ಬರೆದ ಸೊನ್ನೆಗಳು

ಮೂವತ್ತೈದು ಬರಿ ಅಂದರೆ ಮಧುಶ್ರೀ 305 ಬರೆಯುತ್ತಿದ್ದಳು. ಬಸ್ತಿಹಳ್ಳಿ ಕಡೆಯ ಪುಟ್ಟ ಶಾಲೆಯಲ್ಲಿ ಎರಡನೇ ಕ್ಲಾಸಿನ ಮೀನಾಕ್ಷಿ ಮಿಸ್ ಜೂನ್‌ನಿಂದ ಹೇಳಿಕೊಟ್ಟಿದ್ದೆಲ್ಲ ಈ ಹುಡುಗಿಯ ಮಟ್ಟಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ತೆಂಗಿನ ಗರಿಯ ಕಡ್ಡಿಗಳನ್ನು ಹತ್ತು ಹತ್ತು ಸೇರಿಸಿ ಕಟ್ಟಿ, "ಮೂರು ಕಟ್ಟು, ಐದು ಬಿಡಿ. ಕಟ್ಟು ಎಡಕ್ಕೆ, ಬಿಡಿ ಬಲಕ್ಕೆ" ಎಂದು ಗಂಟಲು ಹರಿದುಕೊಂಡದ್ದೇ ಬಂತು. ಆ ಶನಿವಾರ ಬೆಳಿಗ್ಗೆಯೂ ಮಿಸ್ ರೇಗಿದ್ದಳು. "ಈ ಸೊನ್ನೆ ಎಲ್ಲಿಂದ ತರ್ತೀಯೇ? ನಿಮ್ಮಪ್ಪ ಗಾಡೀಲಿ ತುಂಬ್ಕೊಂಡು ಬರ್ತಾರಾ?" ಮಕ್ಕಳೆಲ್ಲ ನಕ್ಕಿದ್ದರು. ಮಧುಶ್ರೀ ಸ್ಲೇಟನ್ನು ಲಂಗದಡಿ ಬಚ್ಚಿಟ್ಟುಕೊಂಡಿದ್ದಳು.

ಮಧ್ಯಾಹ್ನ ಮೀನಾಕ್ಷಿ ಬೇಲೂರಿನ ಬಸ್ಸಿಗೆ ಕಾಯುತ್ತಿದ್ದಾಗ ಮಧುಶ್ರೀಯ ತಾಯಿ ಭಾಗ್ಯ ಮಗಳ ರಟ್ಟೆ ಹಿಡಿದು ಎಳೆದುಕೊಂಡೇ ಓಡಿ ಬಂದಳು. ಹಿಂದೆ ಪಕ್ಕದ ಮನೆಯ ಚನ್ನಪ್ಪ.

"ಮೇಡಂ, ನಮ್ಮನೆಯವ್ರ ಗಾಡಿ ಮಗುಚೈತಂತೆ! ಯಾವ ಆಸ್ಪತ್ರೇಲಿ ಹಾಕವ್ರೋ ಗೊತ್ತಿಲ್ಲ!"

ಧರ್ಮೇಶ್ ಬೆಳಿಗ್ಗೆ ಪಿಕಪ್‌ನಲ್ಲಿ ತೆಂಗಿನಕಾಯಿ ಹೇರಿಕೊಂಡು ಅರಸೀಕೆರೆಗೆ ಹೊರಟಿದ್ದ. ಭಾಗ್ಯ ಹೊಲದಲ್ಲಿದ್ದಾಗ ಅವನ ಫೋನಿನಿಂದಲೇ ಯಾರೋ ಮನೆಗೆ ಕರೆ ಮಾಡಿದ್ದರು. ಎತ್ತಿಕೊಂಡವಳು ಮಧುಶ್ರೀ. ಪೆಟ್ಟಾಗಿದೆ, ಆಸ್ಪತ್ರೆಗೆ ಸೇರಿಸುತ್ತಿದ್ದೇವೆ, ಈ ಫೋನಿನ ಚಾರ್ಜ್ ಮುಗಿಯಿತು, ನನ್ನ ನಂಬರ್ ಬರೆದುಕೋ ಎಂದು ಎರಡೆರಡು ಅಂಕಿ ಸೇರಿಸಿ ನಂಬರ್ ಹೇಳಿ ಮುಗಿಸುವಷ್ಟರಲ್ಲಿ ಅದು ಸತ್ತಿತ್ತು. ಮಧುಶ್ರೀ ಕೇಳಿದ್ದನ್ನು ಸ್ಲೇಟಿನಲ್ಲಿ ಬರೆದುಕೊಂಡಿದ್ದಳು. ಚನ್ನಪ್ಪ ಅರಸೀಕೆರೆಯ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡಿ ಕೇಳಿಯಾಗಿತ್ತು. ಅಲ್ಲಿ ಇಲ್ಲ.

"ಇವ್ಳು ಬರ್ದಿರೋ ನಂಬರ್‌ಗೆ ಮಾಡಿದ್ರೆ ಯಾರೋ ಹಿಂದಿಯೋನು ಬೈತಾನೆ ಮೇಡಂ. ಹತ್ತಕ್ಕಿಂತ ಜಾಸ್ತಿ ಐತೆ, ಯಾವುದು ಬಿಡೋದು, ಯಾವುದು ಇಟ್ಕೊಳೋದು?" ಎಂದ ಚನ್ನಪ್ಪ.

ಭಾಗ್ಯ ಮಗಳ ಬೆನ್ನಿಗೆ ಎರಡು ಬಾರಿಸಿ, ಮರುಕ್ಷಣವೇ ಅವಳನ್ನು ಅವುಚಿಕೊಂಡು ಅತ್ತಳು. "ಒಂದು ನಂಬರ್ ಬರಿಯಾಕೆ ಬರ್ಲಿಲ್ವಲ್ಲೇ ನಿಂಗೆ! ಏನು ಕಲಿಸಿದ್ರಿ ಮೇಡಂ ಇವ್ಳಿಗೆ?"

ನಿಜ, ಮೀನಾಕ್ಷಿ ಏನು ಕಲಿಸಿದ್ದಳು? ಬಸ್ಸು ಬಂದು ನಿಂತಿತು, ಹೋಯಿತು. ಅವಳು ಸ್ಲೇಟಿಗೆ ಕೈಚಾಚಿದಳು. ಮಧುಶ್ರೀ ಅದನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು.

"ಬೈಯಲ್ಲ ಕಣೇ, ಕೊಡು."

"ತಪ್ಪು ಬರ್ದಿದ್ದಕ್ಕೆ ಅಪ್ಪ ಸತ್ತೋಯ್ತದಾ ಮಿಸ್?"

ಮೀನಾಕ್ಷಿ ಮಗುವಿನ ಕೈ ಸವರಿ ಸ್ಲೇಟು ತೆಗೆದುಕೊಂಡಳು. ಸಾಲು ಶುರುವಾಗುತ್ತಿದ್ದದ್ದೇ 908 ಎಂದು. ಮುಂದೆ ಎಲ್ಲೋ ಅದೇ ಹಳೆಯ 305. ಜೂನ್‌ನಿಂದ ಅವಳ ಪ್ರಾಣ ತಿಂದ ಸೊನ್ನೆಗಳು.

ತೊಂಬತ್ತೆಂಟು ಅಂತ ಫೋನ್ ಮಾಡಿದ್ದ ಆ ಮನುಷ್ಯ ಹೇಳಿರಬೇಕು. ತೊಂಬತ್ತು ಕೇಳಿಸಿತು, 90 ಬರೆದಳು. ಎಂಟು ಕೇಳಿಸಿತು, ಪಕ್ಕದಲ್ಲಿ 8 ಇಟ್ಟಳು. ಕೇಳಿದ್ದರಲ್ಲಿ ಒಂದನ್ನೂ ಬಿಟ್ಟಿಲ್ಲ ಹುಡುಗಿ!

"ಸೊನ್ನೆ ಎಲ್ಲ ತೆಗೀರಿ ಚನ್ನಪ್ಪನೋರೆ!" ಎಂದು ಕೂಗಿ, ಸ್ಲೇಟಿನ ಮೇಲೆ ಒಂದೊಂದನ್ನೇ ಹೊಡೆದು ಹಾಕಿದಳು. ಎಣಿಸಿದರೆ ಒಂಬತ್ತೇ ಅಂಕಿ. ಮತ್ತೆ ಎಣಿಸಿದಳು. ಒಂಬತ್ತೇ. ಒಂದು ಅಂಕಿ ಎಲ್ಲಿ ಹೋಯಿತು? ಭಾಗ್ಯ ರಸ್ತೆಯಲ್ಲೇ ಕುಸಿದು ಕೂತಳು.

ಪುಟ್ಟ ಬೆರಳೊಂದು ಸ್ಲೇಟಿನ ಮೇಲೆ ಬಂತು. 70 ಎಂದಿದ್ದ ಕಡೆ ನಿಂತಿತು.

"ಮಿಸ್, ಈ ಸೊನ್ನೆ ಹೊಡೀಬಾರ್ದು. ಅವ್ರು ಬರೀ ಎಪ್ಪತ್ತು ಅಂದ್ರು. ಏಳು ಕಟ್ಟು, ಬಿಡಿ ಇಲ್ಲ."

ಮೀನಾಕ್ಷಿ ಅವಳ ಮುಖ ನೋಡಿದಳು. ಆಮೇಲೆ ಆ ಸೊನ್ನೆಯನ್ನು ಉಳಿಸಿಕೊಂಡು ಫೋನಿನಲ್ಲಿ ಹತ್ತು ಅಂಕಿ ಒತ್ತಿದಳು.

ರಿಂಗಾಯಿತು. ಬಹಳ ಹೊತ್ತು ರಿಂಗಾಯಿತು.

"ಧರ್ಮೇಶ್ ಕಡೆಯೋರಾ? ಎಷ್ಟೊತ್ತಿಂದ ಕಾಯ್ತಿದೀನ್ರೀ! ಹಾಸನದ ಆಸ್ಪತ್ರೇಲಿ ಇದೀವಿ. ಉಸಿರೈತೆ. ಆಪರೇಷನ್‌ಗೆ ಸಹಿ ಬೇಕಂತೆ, ಬೇಗ ಬನ್ನಿ."

ಚನ್ನಪ್ಪ ಕಾರು ತರಲು ಓಡಿದ. ಭಾಗ್ಯ ಎರಡೂ ಕೈ ಜೋಡಿಸಿದಳು, ಯಾರಿಗೆ ಅಂತ ಅವಳಿಗೂ ತಿಳಿದಿರಲಿಲ್ಲ. ಮಧುಶ್ರೀ ಮಾತ್ರ ಫೋನಿನ ಕಡೆ ನೋಡಲೇ ಇಲ್ಲ, ಮಿಸ್ಸಿನ ಮುಖವನ್ನೇ ನೋಡುತ್ತಿದ್ದಳು.

"ಸರಿ ಐತಾ ಮಿಸ್?"

ಬಸ್ ಸ್ಟಾಪಿನಲ್ಲಿ, ಜನರೆದುರೇ, ಮೀನಾಕ್ಷಿ ಬಿಕ್ಕಿ ಬಿಕ್ಕಿ ಅತ್ತಳು.

"ಸರಿ ಐತೆ ಕಣವ್ವ. ಸರಿ ಐತೆ."