ಹಾಲ್ವರ್ ತುಂಬಿಟ್ಟ ಐವತ್ತು ತೋಟಾ

"ಹೊಸ ನಳಿಗೆ ಆರೋ ಆರೂವರೆಯೋ, ಬೇಗ ಹೇಳು ಮಾರಾಯ್ತಿ. ಈ ನಳಿಗೆಯಂತೂ ಸತ್ತುಹೋಗಿದೆ," ಎಂದ ಅಸ್ಲಾಕ್.

ನಮ್ಮ ಕಣಿವೆಯಲ್ಲಿ ದೂರದ ಗುರಿ ಹೊಡೆಯುವವರ ರೈಫಲ್‌ಗಳಿಗೆಲ್ಲ ಅಸ್ಲಾಕನೇ ವೈದ್ಯ. ವೈದ್ಯನಿಗಿರಬೇಕಾದ ನಾಲಿಗೆ ಮಾತ್ರ ಅವನಿಗಿಲ್ಲ. ನನ್ನಂಥ ವಿಧವೆಯೊಬ್ಬಳ ಮುಂದೆ, ಅವಳ ಗಂಡನ ರೈಫಲನ್ನು ಕೈಯಲ್ಲಿ ಹಿಡಿದುಕೊಂಡು ಸತ್ತುಹೋಗಿದೆ ಎನ್ನಬಾರದೆಂದು ಅವನಿಗೆ ಹೊಳೆಯಲೇ ಇಲ್ಲ. ನಳಿಗೆಯೊಳಗೆ ಕ್ಯಾಮೆರಾ ತಂತಿ ತೂರಿಸಿ ಪರದೆಯ ಮೇಲೆ ತೋರಿಸಿದ. ಗುಂಡು ಒಳಹೊಗುವ ಜಾಗದಲ್ಲಿ ಉಕ್ಕು ಒಣಗಿದ ಕೆಸರಿನ ಹಾಗೆ ಬಿರುಕು ಬಿಟ್ಟಿತ್ತು.

"ಹೊಸದು ಹಾಕುವಾಗ ಆರು ಮಿಲಿಮೀಟರ್ ಗುಂಡಿಂದೇ ಹಾಕಿಸ್ಕೋ ಟೂರಿಡ್. ಗಾಳಿಗೆ ಅಷ್ಟು ಜಗ್ಗಲ್ಲ, ಭುಜಕ್ಕೆ ಒದೆನೂ ಕಮ್ಮಿ. ಹೋದ ವರ್ಷ ತಾನೇ ಭುಜ ಕೊಯ್ಸಿಕೊಂಡಿದ್ದೀಯ. ಇಡೀ ಕ್ಲಬ್ಬಲ್ಲಿ ಇನ್ನೂ ಆರೂವರೆ ಅಂತ ಹಟ ಹಿಡಿದು ಕೂತಿರೋಳು ನೀನೊಬ್ಬಳೇ."

ಅವನು ಹೇಳಿದ್ದೆಲ್ಲ ಸರಿ. ಆದರೆ ನನ್ನ ಹಟಕ್ಕೆ ಕಾರಣ ಬೇರೆಯೇ ಇತ್ತು. ಅದನ್ನು ಯಾರ ಮುಂದೆಯೂ ಬಾಯಿಬಿಡುವಂತಿರಲಿಲ್ಲ.

ಇಪ್ಪತ್ತಾರು ವರ್ಷ, ಮಂಗಳವಾರ ತಪ್ಪದೆ, ನಾನೂ ನನ್ನ ಗಂಡ ಹಾಲ್ವರನೂ ಜೌಗುನೆಲದ ಆಚೆಯ ಗುರಿಗೆ ಆರುನೂರು ಮೀಟರ್‌ನಿಂದ ಹೊಡೆದವರು. ನಾನು ಬೋರಲು ಮಲಗುತ್ತಿದ್ದೆ. ಅವನು ನನ್ನ ಹಿಂದೆ ದುರ್ಬೀನಿಟ್ಟುಕೊಂಡು ಕೂತು, ಬಾವುಟವನ್ನೂ ಹುಲ್ಲಿನ ಓಲಾಟವನ್ನೂ ನೋಡಿ ಗಾಳಿ ಹೇಳುತ್ತಿದ್ದ. "ಎಡಕ್ಕೆ ಎರಡು" ಎಂದರೆ ಗುರಿಕಣ್ಣಿನ ತಿರುಪನ್ನು ಎರಡು ಕ್ಲಿಕ್ ಎಡಕ್ಕೆ ತಿರುಗಿಸಿ ರೈಫಲ್‌ನ ಕುದುರೆ ಎಳೆಯುತ್ತಿದ್ದೆ. ಆಮೇಲೆ ಜಾಗ ಅದಲುಬದಲು.

ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ ಅವನು ಕ್ಯಾನ್ಸರ್‌ನಿಂದ ತೀರಿಕೊಂಡ. ಮೇ ತಿಂಗಳಲ್ಲಿ ಒಬ್ಬಳೇ ಹೋಗಿ ಮಲಗಿದೆ. ಬೆನ್ನ ಹಿಂದಿನಿಂದ "ಎಡಕ್ಕೆ ಮೂರು" ಎಂದಿತು ಅವನ ದನಿ. ತಿರುಗಿ ನೋಡಿದರೆ ಹಾವಸೆ, ನನ್ನ ಕಾಫಿ ಫ್ಲಾಸ್ಕು, ಅಷ್ಟೇ. ಮೂರು ಕ್ಲಿಕ್ ತಿರುಗಿಸಿದೆ. ಗುಂಡು ನಟ್ಟನಡುವೆ ಬಿತ್ತು.

ಅಂದಿನಿಂದ ಪ್ರತಿ ಮಂಗಳವಾರ ಹಾಗೆಯೇ. ಗಾಳಿಯ ಮಾತು ಬಿಟ್ಟು ಬೇರೇನೂ ಇಲ್ಲ. ಹೇಗಿದ್ದೀಯ ಎಂದು ಒಮ್ಮೆಯೂ ಕೇಳಲಿಲ್ಲ. ಮನೆಯಲ್ಲಿ, ಹಾಸಿಗೆಯ ಅವನ ಬದಿಯಲ್ಲಿ, ಸಮಾಧಿಯ ಹತ್ತಿರ, ಎಲ್ಲೂ ಅವನ ಸುಳಿವಿಲ್ಲ. ಈ ರೈಫಲ್ ಹಿಂದೆ ಮಾತ್ರ ಇದ್ದ. ಪಾದ್ರಿಗೆ ಹೇಳಿದ್ದರೆ ಸಂಜೆಯೊಳಗೆ ನರ್ಸಮ್ಮ ಮಾತ್ರೆ ಹಿಡಿದು ಬಾಗಿಲಿಗೆ ಬಂದುಬಿಡುತ್ತಿದ್ದಳು, ನಮ್ಮೂರು ಅಂಥದ್ದು.

ಈಗ ಕಷ್ಟ ಏನೆಂದರೆ, ಒಂದೊಂದು ತೋಟಾಗೂ ಗಾಳಿಯ ಲೆಕ್ಕ ಬೇರೆ. ಆರೂವರೆಗೆ ಮೂರು ಕ್ಲಿಕ್ ಬೇಕಾದ ಗಾಳಿಯಲ್ಲಿ ಆರಕ್ಕೆ ಎರಡೇ ಸಾಕು. ಹಾಲ್ವರ್ ಜನ್ಮದಲ್ಲಿ ಆರು ಮಿಲಿಮೀಟರ್ ಹೊಡೆದವನಲ್ಲ. ನಾನು ಬದಲಾಯಿಸಿದರೆ ಅವನು ತಪ್ಪು ಹೇಳುತ್ತಾನೆ, ಇಲ್ಲವೇ ಸುಮ್ಮನಾಗುತ್ತಾನೆ. ಎರಡನ್ನೂ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

"ಆರೂವರೆನೇ ಹಾಕು," ಎಂದು ಚೀಲದಿಂದ ಡಬ್ಬಿ ತೆಗೆದಿಟ್ಟೆ. "ಹಾಲ್ವರ್ ತುಂಬಿಟ್ಟ ಐವತ್ತು ತೋಟಾ ಇದೆ. ಇದನ್ನ ಬಿಸಾಕೋಕಾಗತ್ತಾ?"

ಅವನು ತನ್ನ ಕೊನೆಯ ಫೆಬ್ರವರಿಯಲ್ಲಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಅಡುಗೆಮನೆಯ ಮೇಜಿನ ಮುಂದೆ ಕೂತು, ಮದ್ದು ಹಾಕಿ ಗುಂಡು ಕೂರಿಸಿ ತುಂಬಿದ್ದ. ದಿನಕ್ಕೆ ಹತ್ತರಂತೆ ಐದು ದಿನ. ಅದರಲ್ಲಿ ಒಂದನ್ನೂ ನಾನು ಹಾರಿಸಿರಲಿಲ್ಲ. ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ 4300 ಎಂದು ಬರೆದಿತ್ತು. ಮದ್ದಿನ ಡಬ್ಬಿಯ ನಂಬರ್ ಇರಬೇಕೆಂದು ಸುಮ್ಮನಿದ್ದೆ.

ಅಸ್ಲಾಕ್ ಒಂದು ತೋಟಾ ತೆಗೆದು ಅಳೆದ. ಕನ್ನಡಕ ಬದಲಾಯಿಸಿ ಇನ್ನೊಮ್ಮೆ ಅಳೆದ.

"ಇದು ಉದ್ದ ಆಯ್ತಲ್ಲ ಮಾರಾಯ್ತಿ. ಹೊಸ ನಳಿಗೆಗೆ ಹಾಕಿದ್ರೆ ಗುಂಡು ತೋಡಿಗೆ ಕಚ್ಕೊಂಡು ಬಿಡತ್ತೆ. ಬೋಲ್ಟೇ ಮುಚ್ಚಲ್ಲ."

ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ತೋಡು ಶುರುವಾಗುವ ಅಂಚನ್ನು ಒಂದೊಂದು ಹೊಡೆತದ ಬೆಂಕಿಯೂ ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ. ಅಂಚು ಮುಂದೆ ಸರಿದಷ್ಟೂ, ತೋಟಾದಲ್ಲಿ ಗುಂಡನ್ನು ಅಷ್ಟಷ್ಟೇ ಮುಂದಕ್ಕೆ ಕೂರಿಸಬೇಕು. ನನಗೆ ಇದು ಗೊತ್ತಿತ್ತು. ಆದರೂ ನಾನು ತುಂಬಿಕೊಳ್ಳುವ ತೋಟಾಗಳಲ್ಲಿ ಎರಡು ವರ್ಷದಿಂದ ಹಾಲ್ವರ್‌ನ ಹಳೆಯ ಅಳತೆಯನ್ನು ಕೂದಲಷ್ಟೂ ಬದಲಿಸಿರಲಿಲ್ಲ. ಬದಲಿಸಿದರೆ ಅವನ ಅಕ್ಷರವನ್ನು ನಾನೇ ಅಳಿಸಿದಂತೆ ಅನ್ನಿಸುತ್ತಿತ್ತು. ಈಚೆಗೆ ನನ್ನ ಗುಂಡುಗಳು ದಿಕ್ಕಾಪಾಲಾಗುತ್ತಿದ್ದುದಕ್ಕೆ ಅರ್ಧ ಕಾರಣ ನನ್ನ ಈ ಪೆದ್ದುತನ.

"ಹಾಗಾದ್ರೆ ಹಳೇ ನಳಿಗೆಗೆ ತುಂಬಿದ್ದಾನೆ ಬಿಡು," ಎಂದೆ.

"ಅದೇ ನೋಡು ವಿಚಿತ್ರ. ಅವನು ತುಂಬಿದಾಗ ಹಳೇದೂ ಇಷ್ಟು ಸವೆದಿರಲಿಲ್ಲ, ಅದಕ್ಕೂ ಇದು ಹೋಗ್ತಿರಲಿಲ್ಲ. ಪಾಪ, ಕಾಯಿಲೆ ಮನುಷ್ಯ, ಕೈ ತಪ್ಪಿರಬೇಕು."

"ಐವತ್ತಕ್ಕೂ ತಪ್ಪತ್ತಾ?"

ಅಸ್ಲಾಕ್ ಐವತ್ತನ್ನೂ ಅಳೆದ. ಎಲ್ಲವೂ ಒಂದೇ ಉದ್ದ. ಬೋಲ್ಟ್ ಎಳೆದು, ಅಳತೆಯ ಕಡ್ಡಿ ತೂರಿಸಿ, ನಳಿಗೆಯ ಈಗಿನ ಅಳತೆ ತೆಗೆದ. ಚೀಟಿಯಲ್ಲಿ ಕೂಡಿಸಿ ಕಳೆದು ಸ್ಟೂಲಿನ ಮೇಲೆ ಕೂತುಬಿಟ್ಟ.

"ಈಗ ಸರಿಹೋಗತ್ತೆ," ಎಂದ. "ಇವತ್ತು ಅಳತೆ ತಗೊಂಡು ಹೊಲಿದ ಅಂಗಿ ಥರ. ಎಲ್ಲಿ, ನಳಿಗೆ ಪುಸ್ತಕ ಕೊಡು."

ನಮ್ಮಲ್ಲಿ ಪ್ರತಿ ನಳಿಗೆಗೂ ಒಂದು ಪುಸ್ತಕ. ಹೊಡೆದು ಮುಗಿಸಿದ ಮೇಲೆ ಒಟ್ಟು ಎಷ್ಟಾಯಿತೆಂದು ಬರೆಯದೆ ಯಾರೂ ಮನೆಗೆ ಹೋಗುವುದಿಲ್ಲ. ಹಾಲ್ವರ್‌ನ ಕೈಬರಹ 2,900ಕ್ಕೆ ನಿಂತಿತ್ತು. ಅಲ್ಲಿಂದ ಮುಂದೆ ನನ್ನದು. ಕೊನೆಯ ಸಾಲು 4,281. ಅಸ್ಲಾಕ್ 4300 ಎಂದು ಬರೆದಿದ್ದ ಡಬ್ಬಿಯ ಮುಚ್ಚಳವನ್ನು ಪುಸ್ತಕದ ಪಕ್ಕಕ್ಕೆ ಸರಿಸಿದ.

ತಾನಿಲ್ಲದ ಮೇಲೆ ನಾನು ಎಷ್ಟು ಮಂಗಳವಾರ ಒಬ್ಬಳೇ ಹೋಗಿ ಮಲಗುತ್ತೇನೆ, ಎಷ್ಟು ಹೊಡೆಯುತ್ತೇನೆ, ನಳಿಗೆ ಎಷ್ಟು ಸವೆಯುತ್ತದೆ, ಎಲ್ಲವನ್ನೂ ಅವನು ದಿಂಬಿಗೆ ಒರಗಿಕೊಂಡು ಲೆಕ್ಕ ಹಾಕಿದ್ದ. ತಾನು ನೋಡದ ಒಂದು ದಿನಕ್ಕೆ ತೋಟಾ ತುಂಬಿಟ್ಟಿದ್ದ.

"ನಳಿಗೆ ಬಿಚ್ಚೋದು ಆಮೇಲೆ," ಎಂದು ಅಸ್ಲಾಕ್ ರೈಫಲನ್ನು ನನ್ನ ಕೈಗಿಟ್ಟ. "ಹೋಗು, ಹೊಡ್ಕೊಂಡು ಬಾ." ಅವನ ದನಿಯಲ್ಲಿ ಎಂದಿನ ಕೊಂಕು ಇರಲಿಲ್ಲ.

ಮಧ್ಯಾಹ್ನ ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಮಲಗಿದೆ. "ಎಡಕ್ಕೆ ಎರಡು." ನಡುವೆ ಬಿತ್ತು. "ಇನ್ನೊಂದು ಎಡಕ್ಕೆ." ಮತ್ತೆ ನಡುವೆ. ಸತ್ತ ನಳಿಗೆ ಎಂದಿದ್ದನಲ್ಲ ಅಸ್ಲಾಕ್, ಅದೇ ನಳಿಗೆ ಗುಂಡುಗಳನ್ನೆಲ್ಲ ಕಾಫಿ ಕಪ್ಪಿನಡಿಯ ಬಸಿಯಷ್ಟು ಜಾಗದಲ್ಲಿ ಗುಡ್ಡೆ ಹಾಕುತ್ತಿತ್ತು. ಮುಗಿಯದಿರಲಿ ಎಂದು ನಿಧಾನವಾಗಿ ಹೊಡೆದೆ. ನಲವತ್ತು ದಾಟಿದ ಮೇಲೆ ದನಿ ಸಣ್ಣದಾಗುತ್ತ ಬಂತು, ಉಸಿರು ಬಿಗಿಹಿಡಿದು ಕೇಳಬೇಕಾಯಿತು. ನಲವತ್ತೊಂಬತ್ತನೆಯದಕ್ಕೆ "ಎಡಕ್ಕೆ ಮೂರು" ಎಂದದ್ದು ಜೌಗಿನ ಆಚೆ ದಡದಿಂದ ಬಂದ ಹಾಗಿತ್ತು.

ಐವತ್ತನೆಯದನ್ನು ತುಂಬಿ ಕಾದೆ. ಬಾವುಟ ಹೊರಳಿತು, ಮತ್ತೆ ಎದ್ದಿತು. ಫ್ಲಾಸ್ಕಿನ ಮುಚ್ಚಳದಲ್ಲಿ ಬಗ್ಗಿಸಿಟ್ಟ ಕಾಫಿ ಆರಿ ತಣ್ಣಗಾಯಿತು.

"ಹೇಳೋ ಹಾಲ್ವರ್," ಎಂದು ಗಟ್ಟಿಯಾಗಿಯೇ ಕೇಳಿದೆ.

ಉತ್ತರವಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟೆಲ್ಲ ಲೆಕ್ಕ ಹಾಕಿದವನಿಗೆ ಇನ್ನೊಂದು ಮಾತು ಹೆಚ್ಚಾಯಿತೇ ಎಂದು ಬೈದೆ. ರೈಫಲ್ ಹಿಡಿಯ ಮೇಲೆ ಕೆನ್ನೆಯಿಟ್ಟು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಬಾವುಟ ನೋಡಿದೆ, ಹುಲ್ಲು ನೋಡಿದೆ. "ಎಡಕ್ಕೆ ನಾಲ್ಕು," ಎಂದು ನನಗೆ ನಾನೇ ಹೇಳಿಕೊಂಡು ತಿರುಪು ತಿರುಗಿಸಿ ಹೊಡೆದೆ.

ಖಾಲಿ ಡಬ್ಬಿ ಹಿಡಿದು ಹೋದಾಗ ಅಸ್ಲಾಕ್ ನಳಿಗೆ ಬಿಚ್ಚುವ ಸ್ಪ್ಯಾನರ್ ತೆಗೆದಿಟ್ಟುಕೊಂಡು ಕಾಯುತ್ತಿದ್ದ.

"ಹೇಗೆ ಬಿದ್ವು?"

"ನಲವತ್ತೊಂಬತ್ತು ಬಸಿಯೊಳಗೆ. ಕೊನೇದು ಒಂದು ಗೇಣು ಆಚೆ."

"ಆ ಕೊನೇದಕ್ಕೆ ಗಾಳಿ ತಪ್ಪು ಹೇಳಿದ್ದು ಯಾರು?" ಎಂದು ಅವನು ನನ್ನ ಮುಖ ನೋಡದೆ ಕೇಳಿದ.

"ನಾನೇ," ಎಂದೆ. "ಆರು ಹಾಕು."