ಸೂಗಮ್ಮ ತೊಳೆದ ತೋಳು

ಇದು ನಿಜಾಮರ ಕಾಲದ ಮಾತು. ದೇವಿ ರೋಗ, ಅಂದರೆ ಸಿಡುಬು, ಮಹಾಗಾಂವಕ್ಕೆ ಬಂದು ಮೂರು ಕೂಸುಗಳನ್ನು ನುಂಗಿತ್ತು. ಅಲ್ಲಿಂದ ಕಮಲಾಪುರ ಎಷ್ಟು ದೂರ? ಒಂದು ಸಂತೆ ಸಾಕು, ರೋಗವೂ ಬಂಡಿ ಹತ್ತಿ ಬರುತ್ತದೆ.

ಅದಕ್ಕೇ ಟೀಕಾ, ಅಂದರೆ ಲಸಿಕೆ, ಹಾಕುವ ಕರೀಂಸಾಬರು ಕಲಬುರಗಿಯಿಂದ ಕಮಲಾಪುರಕ್ಕೆ ಬಂದು, ಗುರುಲಿಂಗಪ್ಪನ ಒಂದು ವರ್ಷದ ಗಂಡುಕೂಸಿನ ತೋಳಿಗೆ ಎರಡು ಕಡೆ ಗೀರಿ ಮದ್ದು ಹಚ್ಚಿ ಹೋಗಿದ್ದರು. ಎಂಟು ದಿನ ಬಿಟ್ಟು, ಗುಳ್ಳೆ ಎದ್ದಿದೆಯೋ ಇಲ್ಲವೋ ನೋಡಲು ಮತ್ತೆ ಬಂದರು. ತೋಳು ನೋಡಿದರೆ ಸಾಫ್. ಗುಳ್ಳೆಯೂ ಇಲ್ಲ, ಗುರುತೂ ಇಲ್ಲ.

ಕೂಸಿನ ತಾಯಿ ಶಂಕ್ರಮ್ಮ ನೆಲ ನೋಡುತ್ತ ನಿಂತಳು. ಅವಳ ಅತ್ತೆ ಸೂಗಮ್ಮ ಮಾತ್ರ ಏನೂ ಮುಚ್ಚಿಡಲಿಲ್ಲ. ಹೋದ ಸಲ ಸಾಬರು ಓಣಿ ದಾಟುವ ಮೊದಲೇ ತಂಬಿಗೆ ತಿಕ್ಕುವ ಹುಣಸೆಹುಳಿಯಿಂದ ತೋಳು ತೊಳೆದವಳು ತಾನೇ ಎಂದುಬಿಟ್ಟಳು.

ಕರೀಂಸಾಬರಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಈ ಓಣಿಯಲ್ಲಿ ಹೀಗೆ ತೊಳೆದದ್ದು ಇದು ಆರನೆಯ ತೋಳು! ಬಿಸಿಲಲ್ಲಿ ಬಂಡಿಯಲ್ಲಿ ಮೈ ಹಣ್ಣಾಗಿಸಿಕೊಂಡು ಬರುವವರು ತಾವು, ತೊಳೆದು ಸುಮ್ಮನೆ ಕೂಡುವವರು ಈ ಮುದುಕಿಯರು. ಹಾಳಾಗಿ ಹೋಗಲಿ ಎಂದು ಪೆಟ್ಟಿಗೆ ಮುಚ್ಚಿದರು. ಅಷ್ಟರಲ್ಲಿ ಕೂಸು ಅಂಬೆಗಾಲಿಟ್ಟು ಬಂದು, ಅವರ ಪೈಜಾಮ ಹಿಡಿದು ಎದ್ದು ನಿಂತಿತು. ಮಹಾಗಾಂವದಲ್ಲಿ ಸತ್ತ ಮೂರು ಕೂಸುಗಳೂ ಇಷ್ಟೇ ಎತ್ತರದವು. ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಸಿಟ್ಟು ಮಾತ್ರ ಇಳಿಯಲಿಲ್ಲ.

ಸೂಗಮ್ಮನ ಕೈ ಕಡೆ ಕಣ್ಣು ಹೋಯಿತು. ಮೊಣಕೈಯಿಂದ ಮುಂಗೈವರೆಗೆ ಹಸಿರು ಹಚ್ಚೆ.

“ಏನ್ ಯವ್ವಾ, ಹಚ್ಚಿ ಹಾಕಿಸ್ಕೊಳ್ಳಾಗ ನೂರ್ ಸಲ ಸೂಜಿ ಚುಚ್ಚಿಸ್ಕೊಂಡಿ. ಕೂಸಿಗಿ ಎರಡ ಗೀರು ಅಂದ್ರ ಬ್ಯಾಡೇನು?”

“ಹಚ್ಚಿ ಹಾಕಾಕಿ ನನ್ ಮುಂದ ಕುಂತು ಎಲ್ಲಾ ಹೇಳಿದ್ಳರಿ ಸಾಬ್ರ. ಕೈ ಬಾವು ಬರ್ತದ, ಮೂರ್ ದಿನ ಉರೀತದ, ಹಕ್ಕಳಿ ತಾನೇ ಉದುರ್ತದ, ಅಂಜಬ್ಯಾಡ ಅಂದ್ಳು. ನೀವೇನ್ ಹೇಳೀರಿ? ಗೀರಿದ್ರಿ, ಹೋದ್ರಿ. ನನ್ ಮಗಳಿಗೂ ಯಾರೋ ಹಿಂಗೇ ಗೀರಿ ಹೋದ್ರು. ತೋಳು ಬಾತು ಜ್ವರ ಬಂತು. ವಿಷ ಹಾಕ್ಯಾರ ಅಂತ, ಆಕಿ ಎದ್ದು ಕೂಡೂತನಕ ನಾ ರೊಟ್ಟಿ ಮುಟ್ಟಿಲ್ಲ.”

ಕರೀಂಸಾಬರು ಪೆಟ್ಟಿಗೆಯನ್ನು ಕೆಳಗಿಟ್ಟರು. ಹೇಳಿರಲಿಲ್ಲ, ನಿಜ. ಈ ಮನೆಯಲ್ಲೂ ಇಲ್ಲ, ಆ ಐದು ಮನೆಗಳಲ್ಲೂ ಇಲ್ಲ. ನಾಲ್ಕು ಮಾತಾಡಲು ಸೋಮಾರಿತನ ಮಾಡಿದ್ದಕ್ಕೆ ಈಗ ತಮ್ಮ ಮೇಲೇ ಕೋಪ ಬಂತು.

ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದರು. ಮೂರು ನಾಲ್ಕು ದಿನಕ್ಕೆ ಕೆಂಪಾಗುತ್ತದೆ, ಆಮೇಲೆ ನೀರುಗುಳ್ಳೆ ಏಳುತ್ತದೆ, ಎಂಟರ ಸುಮಾರಿಗೆ ಜ್ವರ ಬರಬಹುದು. ಅದು ವಿಷವಲ್ಲ, ಮೈ ರೋಗದ ಜೊತೆ ಕುಸ್ತಿ ಕಲಿಯುತ್ತಿರುತ್ತದೆ. ಗುಳ್ಳೆ ಎದ್ದರೇ ಟೀಕಾ ಹತ್ತಿದಂತೆ. ಮೂರು ವಾರಕ್ಕೆ ಹಕ್ಕಳೆ ಉದುರಿ ಕಲೆ ಉಳಿಯುತ್ತದೆ.

ಸೂಗಮ್ಮ ಅಷ್ಟಕ್ಕೆ ಬಿಡಲಿಲ್ಲ. ಜ್ವರ ಎಷ್ಟು ದಿನ, ನೀರು ಹಾಕಬಹುದೇ, ಕೂಸು ಕೆರೆದುಕೊಂಡರೆ ಏನು ಮಾಡಬೇಕು ಎಂದು, ಏಳಲೂ ಬಿಡದೆ ಕೇಳಿದಳು. ಕೇಳುವುದೆಲ್ಲ ಮುಗಿದ ಮೇಲೆ ಮೊಮ್ಮಗನನ್ನು ತಾನೇ ತೊಡೆಯ ಮೇಲೆ ಕೂರಿಸಿಕೊಂಡು ತೋಳು ಮುಂದೆ ಮಾಡಿದಳು. ಸಾಬರು ಮತ್ತೆ ಗೀರಿ ಮದ್ದು ಹಚ್ಚಿದರು.

ಮತ್ತೆ ಸಾಬರು ಬಂದಾಗ ಗೋಡೆಯ ಮೇಲೆ ದಿನಕ್ಕೊಂದರಂತೆ ಸುಣ್ಣದ ಎಂಟು ಗೀಟು ಇದ್ದವು. ತೋಳಿನ ಮೇಲೆ ಎರಡು ಗುಳ್ಳೆ, ಮೈ ಬಿಸಿ. ಸೂಗಮ್ಮನಿಗೆ ಅಂಜಿಕೆಯೇ ಇಲ್ಲ. ಸಾಬರನ್ನು ಕೂಡಲೂ ಬಿಡದೆ ಉಳಿದ ಐದು ಮನೆಗಳಿಗೂ ಕರೆದೊಯ್ದು, “ಮೊದ್ಲ ಹೇಳ್ರಿ, ಆಮ್ಯಾಲ ಗೀರ್ರಿ,” ಎಂದು ಗದರಿದಳು.

ಆ ಬೇಸಿಗೆಯಲ್ಲಿ ರೋಗ ಕಮಲಾಪುರಕ್ಕೂ ಬಂತು. ಆ ಆರು ಮನೆಗಳ ಕೂಸುಗಳನ್ನು ಮುಟ್ಟಲಿಲ್ಲ.

ಅಕ್ಕತಂಗಿಯರೇ, ಸಿಡುಬು ಈಗಿಲ್ಲ. ಬೇರೆ ರೋಗಗಳಿವೆ, ಅವಕ್ಕೆ ಲಸಿಕೆಗಳೂ ಇವೆ. ಲಸಿಕೆ ಹಾಕಿಸಿದ ಮೇಲೆ ಕೂಸಿನ ಮೈ ಬೆಚ್ಚಗಾಗಬಹುದು, ಸೂಜಿ ಚುಚ್ಚಿದ ಜಾಗ ಊದಿಕೊಳ್ಳಬಹುದು. ಅಂಜಿಕೆ ಬಂದರೆ ಮನೆಯಲ್ಲಿ ಕೂಡಬೇಡಿ. ಕೂಸನ್ನು ಎತ್ತಿಕೊಂಡು ದವಾಖಾನೆಗೆ ಹೋಗಿ, ಏನಾಗುತ್ತದೆ, ಯಾವಾಗ ಮತ್ತೆ ಬರಬೇಕು ಎಂದು ಕೇಳಿ. ಲಸಿಕೆ ಹಾಕಿಸಿ. ಉತ್ತರ ಸಿಗುವವರೆಗೆ ಅಲ್ಲಿಂದ ಎದ್ದು ಬರಬೇಡಿ.